ಎರಡು ಬಾಗಿಲ ಮನೆ

"ಆಫೀಸಲ್ಲಿ ಸರ್ವರ್ ಡೌನ್ ಆಗಿದೆ" ಎಂದು ಹೆಂಡತಿಗೆ ಹಸಿ ಸುಳ್ಳು ಹೇಳಿ ಹೊರಟ ಶಿವಪ್ರಕಾಶ್, ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ಸಲ್ಮಾಳ ಮನೆಯ ಹಿಂದಿನ ಬೀದಿಯಲ್ಲೇ ಕಾರು ನಿಲ್ಲಿಸಿದ. ನಮ್ಮವರ ಕಣ್ಣಿಗೆ ಬಿದ್ದರೆ ಮುಗಿಯಿತು. ಸಂಜೆಯೊಳಗೆ ಇಡೀ ಜೆರ್ಸಿಗೆ ಡಂಗುರ.

ಶನಿವಾರ ಬಂತೆಂದರೆ ಇದೇ ಕಳ್ಳಾಟ. ಪಾಪ, ಸಿಂಧು ಒಂದು ದಿನವೂ ಕೆದಕಿ ಕೇಳಿದವಳಲ್ಲ. "ಹೋಗ್ಬನ್ನಿ. ನಾನೂ ಓಕ್ ಟ್ರೀ ರೋಡ್‌ಗೆ ಹೋಗಿ ತರಕಾರಿ ತರ್ತೀನಿ" ಎನ್ನುವಳು. ಅರ್ಧ ದಿನ ಸುತ್ತಿ ಒಂದು ಕಟ್ಟು ಕೊತ್ತಂಬರಿ ತರುವಳು. ಕಣ್ಣು ಕೆಂಪಗಿದ್ದರೆ, "ಪೊಲೆನ್ ಅಲರ್ಜಿ ರೀ." ಅವನು ನಂಬುವನು. ತನ್ನ ಕಳ್ಳತನವೇ ಹಾಸಿ ಹೊದೆಯುವಷ್ಟಿರುವಾಗ ಇನ್ನೊಬ್ಬರ ಕಣ್ಣು ನೋಡಲು ಪುರುಸೊತ್ತೆಲ್ಲಿ?

ಇವತ್ತು ಬೆಳಿಗ್ಗೆ ಅವಳ ಚಪ್ಪಲಿಯ ಬಾರು ಕಿತ್ತಿತ್ತು. ಕೆಂಪು ದಾರ ಹಾಕಿ ಇವನೇ ಹೊಲಿದುಕೊಟ್ಟ. "ಎಷ್ಟು ಮಾಡ್ತೀರಿ ನನಗೆ" ಎಂದಳು. ಸೂಜಿ ಬೆರಳಿಗೆ ಚುಚ್ಚಿತು. ಬಾಗಿಲಲ್ಲಿ ಇವನು ಅಡ್ಡಾದಿಡ್ಡಿ ಬಿಸಾಡಿದ್ದ ಶೂಗಳನ್ನು ಎಂದಿನಂತೆ ಅವಳೇ ಹೊರಮುಖವಾಗಿ ಜೋಡಿಸಿಟ್ಟಿದ್ದಳು.

ಸಲ್ಮಾಳ ಬಾಗಿಲು ತೆರೆಯಿತು. ಶಿವಪ್ರಕಾಶ್ ಶೂ ಒದರಿ ಎಸೆದು ನೇರ ಒಳಗೆ ಹೋಗಿ ದಿವಾನದ ಮೇಲೆ ಮಲಗಿದ.

ತಪ್ಪು ತಿಳಿಯಬೇಡಿ. ಮೈಸೂರಿನ ಸಲ್ಮಾ ಮೇಡಂಗೆ ಅರವತ್ತು ದಾಟಿದೆ. ಮನೋವಿಶ್ಲೇಷಣೆ ಅವರ ಕಸುಬು. ಗೋಡೆಯ ಮೇಲೆ, ವಿಯೆನ್ನಾದಲ್ಲಿ ಈ ವಿದ್ಯೆ ಶುರುಮಾಡಿದ ಗಡ್ಡದ ಮುದುಕರ ಫೋಟೋ. ದಿನವಿಡೀ ಜನ ಮುಖ ದಿಟ್ಟಿಸುವುದನ್ನು ತಾಳಲಾರದೆ ಅವರು ರೋಗಿಯ ತಲೆಯ ಹಿಂದೆ ಕೂರುತ್ತಿದ್ದರಂತೆ. ರೋಗಿಗಳು ಎದುರುಬದುರಾಗದಿರಲಿ ಎಂದು ಬರಲು ಒಂದು ಬಾಗಿಲು, ಹೋಗಲು ಇನ್ನೊಂದು. ಮೇಡಂ ಮನೆಯಲ್ಲೂ ಅದೇ ಪದ್ಧತಿ. ಆದರೆ ವಿಯೆನ್ನಾದವರು ಶೂ ಹಾಕಿಕೊಂಡೇ ಒಳಗೆ ಬರುತ್ತಿದ್ದರು. ನಮ್ಮವರಿಗೆ ಅದು ಆಗದ ಮಾತು. ಹಾಗಾಗಿ ಪ್ರತಿ ವಾರ ಅವನು ಶೂಗಳನ್ನು ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿಗೆ ಒಯ್ಯುತ್ತಿದ್ದ. ಇವತ್ತು ಮರೆತ.

"ವೈಟುಕೆ ರಾತ್ರಿ, ಎರಡು ಸಾವಿರ ಇಸವಿ ಹುಟ್ಟಿದ ಕೂಡ್ಲೇ ಕಂಪ್ಯೂಟರ್‌ಗಳೆಲ್ಲ ಕೈಕೊಡ್ತವೆ ಅಂತ ಎಲ್ರೂ ಹೆದರಿದ್ರಲ್ಲ, ಅವತ್ತು ನಾನು ಡ್ಯೂಟಿ ಮೇಲಿದ್ದೆ" ಎಂದ. ಇಷ್ಟು ದಿನ ಗಂಟಲಲ್ಲೇ ನಿಂತಿದ್ದದ್ದು ಹೊರಗೆ ಬಂತು. "ಸಿಂಧುಗೆ ನೋವು ಶುರುವಾಗಿ ಮತ್ತೆ ಮತ್ತೆ ಪೇಜ್ ಮಾಡಿದ್ಲು. ಮ್ಯಾನೇಜರ್ ಮುಖ ನೋಡಿ ಪೇಜರ್ ಆಫ್ ಮಾಡ್ಬಿಟ್ಟೆ ಮೇಡಂ. ಮಗು ಉಳೀಲಿಲ್ಲ. ಬ್ಯಾಟರಿ ಹೋಗಿತ್ತು ಅಂತ ಅವಳಿಗೆ ಸುಳ್ಳು ಹೇಳ್ದೆ."

"ನಿಜ ಹೇಳ್ಬೇಕು ಅನ್ನಿಸಿಲ್ವಾ?"

"ಗೊತ್ತಾದ್ರೆ ಬಿಟ್ಟು ಹೋಗ್ತಾಳೆ. ಅವಳು ಎಲ್ಲಾ ಮರೆತಿದ್ದಾಳೆ ಮೇಡಂ. ಅತ್ತಿದ್ದೇ ನಾನು ನೋಡಿಲ್ಲ."

"ನೀವು ಇಲ್ಲಿ ಅಳೋದನ್ನ ಅವರು ನೋಡಿದ್ದಾರಾ?"

ಹೊತ್ತು ಮುಗಿದಿತ್ತು. ಶಿವಪ್ರಕಾಶ್ ದಿವಾನದಿಂದ ಎದ್ದ. ಹಿತ್ತಿಲ ಬಾಗಿಲಿನಿಂದ ಹೊರಬಂದು ಮೆಟ್ಟಿಲ ಮೇಲೆ ಕೂತು, ಮನಸಾರೆ ಅತ್ತ. ಮುಂಬಾಗಿಲ ಗಂಟೆ ಕೇಳಿಸಿತು. ಮುಂದಿನ ರೋಗಿ ಇರಬೇಕು. ಇಂಥ ಪಾಪಿಗೆ ಅಂಥ ಹೆಂಡತಿ, ಎಂದುಕೊಂಡು ಎದ್ದ. ಒದ್ದೆ ಹುಲ್ಲು ಪಾದಕ್ಕೆ ತಾಗಿದಾಗಲೇ ಶೂ ನೆನಪಾದದ್ದು. ಕಾಲುಚೀಲದಲ್ಲೇ ಮನೆ ಸುತ್ತಿ ಮುಂಬಾಗಿಲಿಗೆ ಬಂದ.

ಅವನು ಎಸೆದು ಹೋಗಿದ್ದ ಶೂಗಳನ್ನು ಯಾರೋ ಹೊರಮುಖವಾಗಿ ಜೋಡಿಸಿಟ್ಟಿದ್ದರು. ಅವಕ್ಕೆ ಒತ್ತಿಕೊಂಡಂತೆ, ಕೆಂಪು ದಾರದ ಹೊಲಿಗೆ ಹಾಕಿದ ಚಪ್ಪಲಿಗಳು.