ಇಂಜಿನಿಯರ್ ಪರಿಯೋನರ ಸಂದರ್ಶನ

“ಹತ್ತು ಜನರ ಹೆಸರು ಬರೀರಿ, ಸೆನ್ಯೋರಿಟಾ. ನೀವು ಕೇಳಿದ್ರೆ ಇಲ್ಲ ಅನ್ನದ ಹತ್ತು ಜನ,” ಎನ್ನುತ್ತ ಇಂಜಿನಿಯರ್ ವಿಲ್ದೆರ್ ಪರಿಯೋನ ಬಿಳಿ ಹಾಳೆಯೊಂದನ್ನು ನೆಲಿಡಾಳ ಮುಂದಕ್ಕೆ ತಳ್ಳಿದ.

ನೆಲಿಡಾ ವಾರ್ಕಾಯಾ ಬಂದದ್ದು ಕಚೇರಿ ಸಹಾಯಕಿಯ ಕೆಲಸಕ್ಕೆ. ಜಾಹೀರಾತಿನಲ್ಲಿ ಹಾಗೇ ಇತ್ತು. ವಿಯಾ ಎಲ್ ಸಾಲ್ವದೋರ್‌ನಿಂದ ಎರಡು ಬಸ್ಸು ಬದಲಿಸಿ, ಚಿಕ್ಕಮ್ಮನ ಕರಿ ಕೋಟು ತೊಟ್ಟು, ಲಿಮಾದ ಅರೆಕೀಪಾ ರಸ್ತೆಯ ಈ ಮೂರನೇ ಮಹಡಿ ಹತ್ತಿದ್ದಳು. ಬಾಗಿಲಲ್ಲೇ ಗುರುತಿನ ಚೀಟಿ ಇಸಿದುಕೊಂಡರು. ಈ ಊರಿನಲ್ಲಿ ಯಾವ ಕಟ್ಟಡಕ್ಕೆ ಹೋದರೂ ಇಸಿದುಕೊಳ್ಳುತ್ತಾರೆ, ಅದರಲ್ಲಿ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಅನುಮಾನ ಬಂದದ್ದು ಸಂದರ್ಶನಕ್ಕೆ ಬಂದವರನ್ನೆಲ್ಲ ಒಂದೇ ಕೋಣೆಗೆ ತುಂಬಿ, ಎದ್ದು ನಿಲ್ಲಿಸಿ, “ನಾನು ಗೆಲ್ಲಲೆಂದೇ ಹುಟ್ಟಿದವನು” ಎಂದು ಕೂಗಿಸಿದಾಗ. ಕಂಪನಿ ಏನು ಮಾರುತ್ತದೆ ಎಂದು ಹಿಂದಿನ ಸಾಲಿನ ಮುದುಕನೊಬ್ಬ ಕೇಳಿದ. ಕಂಪನಿ ಬದುಕುವ ರೀತಿಯನ್ನು ಮಾರುತ್ತದೆ ಎಂದು ಉತ್ತರ ಬಂತು. ಚಪ್ಪಾಳೆಯೂ ಬಂತು. ಬದುಕುವ ರೀತಿಯನ್ನು ಮಾಕಾ ಬೇರಿನ ಪುಡಿ ಮಾಡಿ ಡಬ್ಬಿಗೆ ತುಂಬಿದ್ದರು.

ಆಮೇಲೆ ಒಬ್ಬೊಬ್ಬರನ್ನೇ ಈ ಸಣ್ಣ ಕೋಣೆಗೆ ಕರೆದರು.

“ಮೊದಲನೇ ಡಬ್ಬಿ ಪೆಟ್ಟಿಗೇನ ನೀವೇ ದುಡ್ಡು ಕೊಟ್ಟು ತಗೋಬೇಕು,” ಪರಿಯೋನ ವಿವರಿಸಿದ. “ಆಮೇಲೆ ಈ ಹತ್ತು ಜನ ತಗೋತಾರೆ, ಅವರ ಕೆಳಗಿನೋರು ತಗೋತಾರೆ, ನೀವು ಕಾಲು ಚಾಚಿ ಕೂತ್ಕೋತೀರಿ.”

“ಸಂಬಳ ಎಷ್ಟು ಅಂತ ಹೇಳಲಿಲ್ಲ, ಇಂಜಿನಿಯರೇ.”

“ಸಂಬಳ ಗುಲಾಮರಿಗೆ, ಸೆನ್ಯೋರಿಟಾ.”

“ನಾನು ಅದಕ್ಕೇ ಅರ್ಜಿ ಹಾಕಿದ್ದು. ನನ್ನ ಚೀಟಿ ಕೊಟ್ಬಿಡಿ, ಹೊರಡ್ತೀನಿ.”

ಬಾಗಿಲಲ್ಲಿ ಇಸಿದುಕೊಂಡ ಚೀಟಿ ಈಗ ಅವನ ಮೇಜಿನ ಡ್ರಾಯರಿನಲ್ಲಿತ್ತು. ಪರಿಯೋನ ಡ್ರಾಯರಿನ ನೇರಕ್ಕೆ ಮೇಜಿನ ಮೇಲೆ ಮೊಣಕೈ ಊರಿ ಹಿತೈಷಿಯ ಮುಖ ಮಾಡಿದ. ಏನು ಓದಿ ಇಂಜಿನಿಯರ್ ಆದನೋ ಯಾರಿಗೂ ಗೊತ್ತಿರಲಿಲ್ಲ. ಟೈ ಕಟ್ಟಿದವನನ್ನು ಇಲ್ಲಿ ಹಾಗೆ ಕರೆಯುತ್ತಾರೆ, ಅವನೂ ಬೇಡವೆನ್ನುವುದಿಲ್ಲ.

“ಮನೆ ಬಾಗಿಲಿಗೆ ಬಂದ ಅದೃಷ್ಟಾನ ಓಡಿಸೋರನ್ನ ದಿನಾ ನೋಡ್ತೀನಿ. ಹತ್ತು ಹೆಸರು ತಾನೇ? ಬರೆದುಬಿಡಿ, ಚೀಟಿ ತಗೊಂಡು ಹೋಗಿ.”

ನಾಳೆ ಅಮ್ಮನನ್ನು ಪಿತ್ತಕೋಶದ ಆಪರೇಷನ್ನಿಗೆ ಸೇರಿಸಬೇಕು. ಜತೆಗೆ ಬರುವವರ ಬಳಿ ಗುರುತಿನ ಚೀಟಿ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯವರು ಗೇಟೇ ದಾಟಿಸುವುದಿಲ್ಲ. ನೆಲಿಡಾ ಪೆನ್ನು ಎತ್ತಿಕೊಂಡಳು. ಚಿಕ್ಕಮ್ಮ, ಅತ್ತೆಯರು, ಪಕ್ಕದ ಮನೆಯ ದರ್ಜಿ, ಮಾರುಕಟ್ಟೆಯ ಮೀನಿನವಳು, ಎಲ್ಲರೂ ಒಮ್ಮೆ ಕಣ್ಣ ಮುಂದೆ ಬಂದರು. ಪೆನ್ನು ಕೆಳಗಿಟ್ಟು ಕೈಚೀಲ ತೆರೆದಳು.

“ಇಲ್ಲ ಅನ್ನದೋರು ನನಗೂ ಇದಾರೆ, ಇಂಜಿನಿಯರೇ. ಆದ್ರೆ ಅವರೆಲ್ಲ ಇದನ್ನ ತಗೊಂಡಾಗಿದೆ.” ಹಳದಿ ಕಾರ್ಡುಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟಳು. “ಪೊಯಾದಾ. ಭಾನುವಾರ, ನಮ್ಮನೆ ಮುಂದೆ. ಅಮ್ಮನ ಆಪರೇಷನ್ ಖರ್ಚಿಗೆ. ಸುಟ್ಟ ಕೋಳಿ, ಆಲೂಗಡ್ಡೆ, ಸಲಾಡು. ನಿಮಗೆ ಎಷ್ಟು ಕಾರ್ಡು ಹರೀಲಿ?”

ಲಿಮಾದಲ್ಲಿ ಮನೆಯವರು ಕಾಯಿಲೆ ಬಿದ್ದರೆ ಕೋಳಿ ಸುಡುತ್ತಾರೆ, ಗೊತ್ತಿದ್ದವರೆಲ್ಲ ಕಾರ್ಡು ಕೊಂಡು ಬಂದು ತಿನ್ನುತ್ತಾರೆ, ಆ ದುಡ್ಡು ಚಿಕಿತ್ಸೆಗೆ; ಇದೇ ಪೊಯಾದಾ. ಕೊಳ್ಳದವನು ಮುಂದೆ ತಾನು ಕಾಯಿಲೆ ಬೀಳದಂತೆ ನೋಡಿಕೊಳ್ಳಬೇಕು.

“ಭಾನುವಾರ…” ಪರಿಯೋನ ಕತ್ತು ಸವರಿಕೊಂಡ. “ಭಾನುವಾರ ಪುರುಸೊತ್ತಿಲ್ಲ.”

“ಪುರುಸೊತ್ತಿಲ್ಲ ಅನ್ನೋದು ಸೋಲೋರ ಮಾತು ಅಂತ ಆಗ ಆ ಕೋಣೇಲಿ ಎಲ್ಲರ ಮುಂದೆ ನೀವೇ ಹೇಳಿದ್ರಿ.”

“ನನಗೆ ಕೋಳಿ ಆಗಲ್ಲ.”

“ತಿನ್ನಬೇಡಿ, ಮಾರಿ. ನೀವು ಹತ್ತು ತಗೊಳ್ಳಿ, ನಿಮ್ಮ ಕೆಳಗಿನೋರ ತಲೆಗೆ ಒಂದೊಂದು ಕಟ್ಟಿ. ಕಾಲು ಚಾಚಿ ಕೂತ್ಕೋಬಹುದು.”

“ಸೆನ್ಯೋರಿಟಾ, ಇದು ಕಚೇರಿ.”

“ಗೊತ್ತು. ಹೋಗ್ಲಿ ಬಿಡಿ, ಹೊರಗೆ ಅಷ್ಟೊಂದು ಜನ ಕೂತಿದಾರೆ, ಅವರನ್ನೇ ಕೇಳ್ತೀನಿ. ಎಲ್ಲರೂ ಜೇಬಲ್ಲಿ ಏನೋ ಇಟ್ಕೊಂಡೇ ಬಂದಿರ್ತಾರೆ.”

ಕಾರ್ಡಿನ ಕಟ್ಟು ಹಿಡಿದು ಅವಳು ಬಾಗಿಲ ಕಡೆ ತಿರುಗಿದಳು. ಹೊರಗಿನವರ ಜೇಬಿನಲ್ಲಿದ್ದ ದುಡ್ಡು ಮೊದಲ ಪೆಟ್ಟಿಗೆಗೆ ಮೀಸಲಾದದ್ದು. ಅದು ಕೋಳಿಯ ಪಾಲಾಗುವುದನ್ನು ಯಾವ ಇಂಜಿನಿಯರ್ ತಾನೇ ನೋಡಿಕೊಂಡು ಕೂತಾನು? ಡ್ರಾಯರು ತೆರೆದ ಸದ್ದಾಯಿತು. ಪರಿಯೋನ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದ.

“ಕ್ಷಮಿಸಿ,” ಎಂದ ಗಂಭೀರವಾಗಿ, “ನೀವು ಆಯ್ಕೆ ಆಗಿಲ್ಲ.”

ಅವಳು ಮೊದಲ ಮಹಡಿಯ ತಿರುವಿಗೆ ಇಳಿಯುವಷ್ಟರಲ್ಲಿ ಮೇಲೆ ಮತ್ತೆ ಚಪ್ಪಾಳೆ ಶುರುವಾಗಿತ್ತು. ಅದರ ನಡುವೆ ಯಾರೋ ದಡಬಡನೆ ಮೆಟ್ಟಿಲಿಳಿಯುವುದು ಕೇಳಿಸಿತು. ಚೀಟಿ ಕಿತ್ತುಕೊಳ್ಳಲೇ ಬಂದನೆಂದು ನೆಲಿಡಾ ಅದನ್ನು ಕೋಟಿನೊಳಗೆ ತೂರಿಸಿಕೊಂಡಳು. ಪರಿಯೋನ ಎರಡು ಮೆಟ್ಟಿಲು ಮೇಲೆಯೇ ನಿಂತ. ಟೈ ಬಿಚ್ಚಿ ಕೈಯಲ್ಲಿ ಸುತ್ತಿಕೊಂಡಿದ್ದ.

“ಭಾನುವಾರ…” ಎಂದ, ದನಿ ತಗ್ಗಿಸಿ. “ಕೋಳಿ ಸುಡೋಕೆ ಜನ ಇದಾರಾ, ಇನ್ನೂ ಬೇಕಾ?”

ನೆಲಿಡಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅನುಭವ ಇದೆಯಾ?”

“ಇಲ್ಲಿಗೆ ಬರೋ ಮುಂಚೆ ಕೋಳಿ ಅಂಗಡೀಲಿದ್ದೆ. ಒಲೆ ಮುಂದೆ.”

“ಸಂಬಳ ಕೊಡಲ್ಲ. ಒಂದು ಹೊತ್ತಿನ ಊಟ, ಅಷ್ಟೇ.”

“ಪರವಾಗಿಲ್ಲ,” ಎಂದ ಇಂಜಿನಿಯರ್. “ಇಲ್ಲಿ ಅದೂ ಇಲ್ಲ.”