ನೆಲ ಮುಟ್ಟದ ಪೆಟ್ಟಿಗೆ

ದೇವರ ಪೆಟ್ಟಿಗೆಯನ್ನು ಬಲ ಹೆಗಲ ಮೇಲಿಟ್ಟುಕೊಂಡು ಪೂಜಾರಿ ಕೆಂಚಣ್ಣ ಊರ ಮುಂದಿನ ಬೇವಿನ ಮರದ ಹತ್ತಿರ ಬಂದು ನಿಂತಾಗ ಸೂರ್ಯ ಮಾರುದ್ದ ಏರಿದ್ದ. ಮತ್ತೋಡು ಸೀಮೆಯಲ್ಲೇ ಅಂಥ ಪೆಟ್ಟಿಗೆ ಇನ್ನೊಂದಿಲ್ಲ. ಒಳಗಿನ ಮೂರ್ತಿ ಹೆಬ್ಬೆರಳುದ್ದ, ನಿಜ. ಆದರೆ ಹೊನ್ನೆ ಮರದ ಹಲಗೆ, ಹಿತ್ತಾಳೆ ಪಟ್ಟಿ, ಗಂಟೆ, ಏಳು ತಲೆಮಾರಿನ ಭಂಡಾರ ಎಲ್ಲ ಸೇರಿ ಅದರ ಭಾರ ಎಷ್ಟೆಂದರೆ, ಆಗ ಮಾರಿಕಣಿವೆಯ ಅಣೆಕಟ್ಟೆಗೆ ಕಲ್ಲು ಎಳೆಯುತ್ತಿದ್ದ ಎತ್ತುಗಳೂ ಅದನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದವು. ಅದನ್ನು ಇಪ್ಪತ್ನಾಲ್ಕು ವರ್ಷ ಒಂದೇ ಹೆಗಲಲ್ಲಿ ಹೊಳೆಗೊಯ್ದು ತಂದವನು ಕೆಂಚಣ್ಣ. ಒಂದು ದಿನವೂ ನೆಲ ಮುಟ್ಟಿಸಿದವನಲ್ಲ. ಕೇಳದವರಿಗೂ ಹೇಳಿಕೊಂಡು ತಿರುಗಿದ್ದ.

"ಯಾರು ತಗಂತೀರಪ್ಪ?" ಎಂದ. "ನಾಳೆಯಿಂದ ನಾನು ಯೇಸುಸ್ವಾಮಿ ಒಕ್ಕಲು. ಇವತ್ತೇ ಹೊಸದುರ್ಗಕ್ಕೆ ಹೊರಡಬೇಕು."

ಯಾರೂ ಮಿಸುಕಲಿಲ್ಲ. ಬೆಳಿಗ್ಗೆ ಅವನು ಪೂಜಾರಿಕೆಯ ಮಾನ್ಯದ ಹೊಲ ಬಿಟ್ಟುಕೊಟ್ಟಾಗ ಅಣ್ಣತಮ್ಮಂದಿರು ಒಂದು ರೊಟ್ಟಿ ತಿನ್ನುವಷ್ಟರಲ್ಲಿ ಅದನ್ನು ನಾಲ್ಕು ಪಾಲು ಮಾಡಿಕೊಂಡಿದ್ದರು. ಬೆಳ್ಳಿ ಕಡಗ ಬಿಚ್ಚಿಟ್ಟ ಸದ್ದಿಗೆ ಮೂರು ಮನೆಯವರು ಓಡಿ ಬಂದಿದ್ದರು. ಪೆಟ್ಟಿಗೆಗೆ ಮಾತ್ರ ಊರಲ್ಲಿ ಒಂದು ಹೆಗಲೂ ಇಲ್ಲ. ಇದು ದಾಯಾದಿ ಚಿಕ್ಕತಿಮ್ಮಪ್ಪನ ಹೂಟ. ಕುಲದ ಕಟ್ಟಳೆ ಅವನಿಗೆ ಬಾಯಿಪಾಠ: ಪೆಟ್ಟಿಗೆ ಹೆಗಲಿಂದ ಹೆಗಲಿಗೇ ದಾಟಬೇಕು, ನೆಲ ಮುಟ್ಟಕೂಡದು. ತಗೊಳ್ಳುವವರಿಲ್ಲದಿದ್ದರೆ ಹೊತ್ತವನೇ ತಿರುಗಿ ಗುಡಿಯ ಗೋಡೆಯ ಗೂಡಿಗೇರಿಸಬೇಕು. ಗೂಡಿಗೇರಿಸಿದವನು ಸಾಯುವ ತನಕ ಪೂಜಾರಿ.

"ನಿಲ್ಲಲಿ ಬಿಡ್ರಿ," ಎಂದ ಚಿಕ್ಕತಿಮ್ಮಪ್ಪ, ಬೇವಿನ ಮರದ ಕಟ್ಟೆ ಮೇಲೆ ಕುಂತು ಎಲೆಗೆ ಸುಣ್ಣ ಹಚ್ಚುತ್ತ. "ಸಂಜೆ ಹೊತ್ಗೆ ತಾನೇ ಗೂಡಿಗೆ ಏರಿಸ್ತಾನೆ. ಯೇಸುಸ್ವಾಮಿಗೆ ಬೇರೆ ಒಕ್ಕಲು ಸಿಗ್ತಾರೆ."

"ಸಂಜೆ ಯಾಕೆ, ಬರೋ ಯುಗಾದಿ ತನಕ ನಿಲ್ತೀನಿ," ಎಂದ ಕೆಂಚಣ್ಣ.

ನಿಂತ. ಸೂರ್ಯ ನೆತ್ತಿಗೆ ಬಂದು, ಇವನನ್ನು ನೋಡುತ್ತ ಅಲ್ಲೇ ಒಂದು ಗಳಿಗೆ ತಡೆದು ಮುಂದೆ ಹೋದ. ಕೆಂಚಣ್ಣನ ಮೈಯಿಂದ ಇಳಿದ ಬೆವರಿಗೆ ಆ ಬೇವಿನ ಮರ ಆ ವರ್ಷ ಎರಡು ಸಲ ಚಿಗುರಿತು ಎನ್ನುವವರಿದ್ದಾರೆ. ಸುಳ್ಳು ಹೇಳಬಾರದು, ಒಂದೂವರೆ ಸಲ.

ಹೆಂಡತಿ ಮುದ್ದಕ್ಕ ಮಜ್ಜಿಗೆ ತಂದು ಅವನ ಬಾಯಿಗೆ ಹಿಡಿದಳು. ಹಿಂದಿನ ವರ್ಷ ಪ್ಲೇಗು ತಗುಲಿ ಅವಳು ಊರಾಚೆಯ ಗುಡಿಸಲಲ್ಲಿ ಬಿದ್ದಿದ್ದಾಗ ಈ ಅಣ್ಣತಮ್ಮಂದಿರಲ್ಲಿ ಒಬ್ಬರೂ ಅತ್ತ ಮುಖ ಹಾಕಿರಲಿಲ್ಲ. ದಿನವೂ ಗಂಜಿ ತಂದವನು ಮಿಶನ್ನಿನ ಉಪದೇಶಿ ಯೋಹಾನಪ್ಪ ಒಬ್ಬನೇ. ಗಂಡ ಹೆಂಡತಿಯನ್ನು ಕರೆದೊಯ್ಯಲು ಅವನೇ ಈಗ ಸತ್ಯವೇದದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಕಾಯುತ್ತಿದ್ದ.

"ಕೆಂಚಣ್ಣ, ನಾಳೆ ಬೆಳಿಗ್ಗೆ ಪಾದ್ರಿಗಳು ದೀಕ್ಷಾಸ್ನಾನ ಮಾಡಿಸಿ ಮುಂದಿನೂರಿಗೆ ಹೋಗ್ಬಿಡ್ತಾರೆ. ಅದು ಮರದ ಪೆಟ್ಟಿಗೆ ಕಣಪ್ಪ. ನೆಲಕ್ಕಿಟ್ಟು ಬಾ, ಹೋಗಾಣ."

"ಮರದ್ದು ಅಂತ ನನಗೂ ಗೊತ್ತೈತೆ ಅಯ್ಯನೋರೆ. ನೆಲ ಮುಟ್ಟಿಸಲ್ಲ ಅಂತ ನಮ್ಮಪ್ಪನ ಕೈ ಹಿಡಿದು ಮಾತು ಕೊಟ್ಟೀನಿ. ಈ ಮಾತನ್ನ ಇಲ್ಲೇ ಬಿಸಾಕಿ ಬಂದ್ರೆ, ನಾಳೆ ನಿಮ್ಮ ಸ್ವಾಮಿಗೆ ಕೊಡೋ ಮಾತನ್ನ ಆತ ಹೆಂಗೆ ನಂಬ್ತಾನೆ?"

ಯೋಹಾನಪ್ಪ ಪುಸ್ತಕವನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದ.

"ನೀನು ನಿಂತ್ಕ," ಎಂದಳು ಮುದ್ದಕ್ಕ. "ನಾನೂ ನಿಂತಿರ್ತೀನಿ."

ಬಿಸಿಲು ಇಳಿಯಿತು. ಚಿಕ್ಕತಿಮ್ಮಪ್ಪನ ಎಲೆ ಅಡಿಕೆ ಮುಗಿಯಿತು. "ಲೇ ಕೆಂಚ, ಗೂಡು ಖಾಲಿ ಐತೆ ಕಣ," ಎಂದು ಅವನು ಕೂಗಿದ್ದೂ, ಕೆಂಚಣ್ಣನ ಕಾಲು ಸೋತದ್ದೂ ಒಂದೇ ಗಳಿಗೆ. ಮೊದಲು ಎಡ ಮಂಡಿ ನೆಲಕ್ಕೆ ಬಿತ್ತು. ಆಮೇಲೆ ಬಲ ಮಂಡಿ. ಆಮೇಲೆ ಎದೆ, ಗಡ್ಡ, ಬಾಯಿ ಎಲ್ಲ ಮಣ್ಣಿಗೆ ಬಡಿದವು. ಪೆಟ್ಟಿಗೆ ಮಾತ್ರ ಬೀಳಲಿಲ್ಲ. ತಲೆಯ ಮುಂದೆ ಚಾಚಿದ ಎರಡು ಅಂಗೈಗಳ ಮೇಲೆ, ನೆಲದಿಂದ ಗೇಣೆತ್ತರದಲ್ಲಿ, ಗಡಗಡ ನಡುಗುತ್ತ ನಿಂತಿತ್ತು.

ಯೋಹಾನಪ್ಪ ಕಂಕುಳಲ್ಲಿದ್ದುದನ್ನು ಕೆಳಗಿಟ್ಟು ಓಡಿ ಬಂದ. ಅವನಿಗಿಂತ ಮೊದಲೇ ಚಿಕ್ಕತಿಮ್ಮಪ್ಪ ಕಟ್ಟೆಯಿಂದ ಹಾರಿದ್ದ. ಐವತ್ತೈದು ದಾಟಿದ, ಆನೆಮರಿಯಂಥ ದೇಹದ ಆ ಮನುಷ್ಯ ಮಣ್ಣಲ್ಲಿ ಹೊಟ್ಟೆ ಹೊಸೆದುಕೊಂಡು ಹೋಗಿ ಪೆಟ್ಟಿಗೆಯ ಕೆಳಗೆ ಹೆಗಲು ಕೊಟ್ಟ.

"ಬಿಡು ಲೇ. ತಗಂಡೆ."

"ಹೆಗಲ ಮೇಲೆ ಕೂತೈತಾ?" ಮಣ್ಣು ತುಂಬಿದ ಬಾಯಲ್ಲೇ ಕೇಳಿದ ಕೆಂಚಣ್ಣ.

"ಕೂತೈತೆ. ಬಿಡು."

ಆಮೇಲೆ ಬಿಟ್ಟ. ಚಿಕ್ಕತಿಮ್ಮಪ್ಪ ಕಷ್ಟಪಟ್ಟು ಎದ್ದು ನಿಂತ. ಕತ್ತಿನ ನರಗಳು ಬಾವಿ ಹಗ್ಗದಷ್ಟು ದಪ್ಪ ಉಬ್ಬಿದ್ದವು. ಜನದ ಕಡೆ ತಿರುಗಿ ಗದರುವಂತೆ, "ನೋಡಿದ್ರೇನ್ರೋ? ಇಪ್ಪತ್ನಾಲ್ಕು ವರ್ಷ. ಮಣ್ಣಿನ ಒಂದು ಕಣ ತಾಗಿಲ್ಲ. ಯಾವ ದೇವರಿಗಾದ್ರೂ ಹೋಗ್ಲಿ, ಇವನು ನಮ್ಮ ಕುಲದೋನು," ಎಂದ. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕೆಂಚಣ್ಣ ಮಂಡಿಯ ಮಣ್ಣು ಕೊಡವಿಕೊಂಡ. ಮುದ್ದಕ್ಕ ಗಂಟು ಎತ್ತಿಕೊಂಡಳು. ಹೊರಡುವಾಗ ಅವನ ಕಣ್ಣು ಮರದ ಬುಡಕ್ಕೆ ಹೋಯಿತು. ಯೋಹಾನಪ್ಪನ ಸತ್ಯವೇದ ಅಲ್ಲಿ ಧೂಳಿನಲ್ಲಿ ಬಿದ್ದಿತ್ತು. ಕೆಂಚಣ್ಣ ಬಗ್ಗಿ ಎತ್ತಿಕೊಂಡ. ಟವಲಿನಿಂದ ಹಿಂದೆ ಮುಂದೆ ಒರೆಸಿ, ಇಪ್ಪತ್ನಾಲ್ಕು ವರ್ಷದ ಭಾರಕ್ಕೆ ತಗ್ಗಿ ಹೋಗಿದ್ದ ಬಲ ಹೆಗಲ ಮೇಲೆ ಇಟ್ಟುಕೊಂಡು ಹೊಸದುರ್ಗದ ದಾರಿ ಹಿಡಿದ.

"ಕೊಡಪ್ಪ ಇಲ್ಲಿ, ನೀನು ಸುಸ್ತಾಗಿದ್ದೀಯ," ಎಂದು ಯೋಹಾನಪ್ಪ ಹಿಂದೆಯೇ ಬಂದ.

ಕೆಂಚಣ್ಣ ನಿಲ್ಲಲಿಲ್ಲ.

"ಬ್ಯಾಡ ಬಿಡ್ರಿ ಅಯ್ಯನೋರೆ. ನಿಮ್ಮ ಕೈಗೆ ಕೊಟ್ರೆ ಮತ್ತೆ ನೆಲಕ್ಕಿಡ್ತೀರ."