ಹೊಸ್ತಿಲಾಚೆಯ ಬೂಟುಗಳು

ಟಿವಿಯಲ್ಲಿ ಪೊಲೀಸರು ಬಾಗಿಲು ಬಡಿಯುವುದಕ್ಕೂ ಮಹಬೂಬನ ಮನೆಯ ಕರೆಗಂಟೆ ಸದ್ದಾಗುವುದಕ್ಕೂ ಸರಿಹೋಯಿತು.

ಅದೊಂದು ಆಸ್ಟ್ರೇಲಿಯಾದ ಹಾಸ್ಯಚಿತ್ರ. ಬಡಾವಣೆಯೊಂದರ ಸಂಸಾರವಂದಿಗ ಕಳ್ಳ, ಬೆಳಿಗ್ಗೆ ಮಕ್ಕಳಿಗೆ ಟಿಫಿನ್ ಡಬ್ಬಿ ಕಟ್ಟಿ, ಆಮೇಲೆ ಹಿಂದಿನ ಬೀದಿಯ ಫ್ರಿಜ್ ಎತ್ತಿಕೊಂಡು ಬರುವ ಆಸಾಮಿ. ಹೆಂಡತಿ, ಅತ್ತೆ, ಮಕ್ಕಳೆಲ್ಲ ಸೇರಿ ಅವನನ್ನು ಒಗೆಯುವ ಬಟ್ಟೆಯ ರಾಶಿಯಡಿ ಮುಚ್ಚುತ್ತಿದ್ದರು. ನೋಡುತ್ತಿದ್ದ ನಾಲ್ವರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಗಂಟೆ ಕೇಳಿದ್ದೇ ತಡ, ನಗು ನಿಂತಿತು.

ಕೊರೊನಾ ಕಾಲ. ಒಂದು ಮನೆಗೆ ದಿನಕ್ಕೆ ಒಬ್ಬನೇ ಅತಿಥಿ ಎಂದು ಡಚ್ ಸರ್ಕಾರದ ಕಟ್ಟಪ್ಪಣೆ. ಮಹಬೂಬನ ಹೆಂಡತಿ ನಸೀಮಾ ಡೀಮೆನ್ ಪಟ್ಟಣದ ತಮ್ಮ ಮನೆಗೆ ಕರೆದದ್ದು ವಾಗೆನಿಂಗನ್‌ ವಿಶ್ವವಿದ್ಯಾಲಯದಲ್ಲಿ ಓದುವ ಸಕ್ಲೈನ್‌ನನ್ನು ಮಾತ್ರ. ಆದರೆ ಬಿರಿಯಾನಿ ಊಟಕ್ಕೆ ಅವನ ರೂಮ್‌ಮೇಟ್ ನಿತೀಶನನ್ನು ಬಿಟ್ಟು ಬಾ ಎನ್ನಲು ಆಕೆಗೆ ಬಾಯಿ ಬರಲಿಲ್ಲ.

“ನಾನ್ ಮೊದ್ಲೇ ಹೇಳ್ಲಿಲ್ವಾ?” ಮಹಬೂಬ್ ಪಿಸುಗುಟ್ಟಿದ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ. “ಸಿಟಿಜನ್‌ಶಿಪ್ ಅಪ್ಲಿಕೇಶನ್ ನಗರಸಭೆ ಟೇಬಲ್ ಮೇಲಿದೆ. ಈಗ ಪೊಲೀಸ್ ಕೇಸಾದ್ರೆ ಎಲ್ಲಾ ಮುಗೀತು!”

“ಸುಮ್ನಿರ್ರೀ. ನಿತೀಶ್, ಬಾತ್‌ರೂಮಿಗೆ ಹೋಗಪ್ಪ.”

ನಿತೀಶ ತಟ್ಟೆ ಸಮೇತ ಓಡಿದ.

ಬಾಗಿಲಲ್ಲಿ ಪೊಲೀಸರಿರಲಿಲ್ಲ. ಅದೇ ಮಹಡಿಯ ಎದುರು ಮನೆಯ ಒಂಟಿ ಮುದುಕಿ, ಶ್ರೀಮತಿ ಡೆಕ್ಕರ್, ಮಾಸ್ಕ್ ಹಾಕಿಕೊಂಡು ನಿಂತಿದ್ದರು.

“ಇವತ್ತು ಎಷ್ಟು ಜನ ಅತಿಥಿಗಳು?” ಇಂಗ್ಲಿಷಿನಲ್ಲಿ ನೇರವಾಗಿಯೇ ಕೇಳಿದರು.

“ಒಬ್ಬರೇ,” ಎಂದ ಮಹಬೂಬ್.

ಮುದುಕಿ ನೆಲಕ್ಕೆ ಬೆರಳು ತೋರಿಸಿದರು. ಊರಿನ ಅಭ್ಯಾಸ ಎಲ್ಲಿ ಹೋಗುತ್ತದೆ? ಹೊಸ್ತಿಲಾಚೆ ಎರಡು ಜೊತೆ ಕೆಸರು ಬೂಟುಗಳು ಒಪ್ಪವಾಗಿ ಕುಳಿತಿದ್ದವು. ಅದೇ ಹೊತ್ತಿಗೆ ಒಳಗಿನಿಂದ ಭಾರೀ ಕೆಮ್ಮು.

“ಖಾರ ಅಷ್ಟೇ, ಕೊರೊನಾ ಅಲ್ಲ!” ಬಾತ್‌ರೂಮಿನಿಂದ ನಿತೀಶ ಇಂಗ್ಲಿಷಿನಲ್ಲಿ ಕೂಗಿದ.

“ಯಾ ಅಲ್ಲಾಹ್,” ನಸೀಮಾ ತಲೆಗೆ ಕೈ ಹೊತ್ತಳು.

“ಇಷ್ಟು ದಡ್ಡ ಕಳ್ಳರನ್ನು ನಾನು ಸಿನಿಮಾದಲ್ಲೂ ನೋಡಿಲ್ಲ,” ಎಂದರು ಡೆಕ್ಕರ್. ಸೊಂಟ ಹಿಡಿದುಕೊಂಡೇ ಬಗ್ಗಿ ಒಂದು ಜೊತೆ ಬೂಟು ಎತ್ತಿ, ತಮ್ಮ ಬಾಗಿಲ ಮುಂದೆ ಇಟ್ಟರು. “ಆ ಹುಡುಗನನ್ನು ನನ್ನ ಮನೆಗೆ ಕಳಿಸಿ. ಎರಡೂ ಬಾಗಿಲು ತೆಗೆದಿಟ್ಟರೆ ಅವನಿಗೂ ನಿಮ್ಮ ಟಿವಿ ಕಾಣುತ್ತದೆ.”

ಮಹಬೂಬನಿಗೆ ಹೋದ ಜೀವ ಬಂದಂತಾಯಿತು. ಆದರೂ ಸಂಕೋಚ. “ನಿಮಗೆ ಸುಮ್ಮನೆ ತೊಂದರೆ...”

“ಏನು ತೊಂದರೆ? ದಿನಕ್ಕೊಬ್ಬ ಅತಿಥಿ ನನಗೂ ಉಂಟಲ್ಲ,” ಎಂದರು ಮುದುಕಿ. “ಕಾನೂನು ಬಂದಾಗಿನಿಂದ ಒಂದು ದಿನವೂ ಬಳಸಿಲ್ಲ.”